ಸೂಜಿಗೆ ಹೆದರುವ ಮಾಮಾ

ಪುಣೆಯಲ್ಲಿ ಅತ್ಯಂತ ನಿಶ್ಶಬ್ದವಾದ ಮನೆ ಯಾವುದೆಂದು ಯಾರಾದರೂ ಕೇಳಿದರೆ ನಾನು ಯೋಚಿಸದೆ ಹೇಳುತ್ತೇನೆ: ನೂರಾರು ಗ್ರಾಮಫೋನ್ ರೆಕಾರ್ಡುಗಳಿದ್ದ ನನ್ನ ಮಾಮಾನ ಮನೆ! ನಾರಾಯಣ ಪೇಠದ ಹಳೆಯ ವಾಡೆಯೊಂದರ ಮೊದಲ ಮಹಡಿ. ಎರಡು ಕೋಣೆ, ಒಂದು ಅಡಿಗೆಮನೆ. ಗೋಡೆಗೆಲ್ಲ ಕಪಾಟುಗಳು, ಕಪಾಟುಗಳ ತುಂಬ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿದ ರೆಕಾರ್ಡುಗಳು. ಕಿಟಕಿಯ ಪಕ್ಕದ ಮೇಜಿನ ಮೇಲೆ ರೆಕಾರ್ಡ್ ಪ್ಲೇಯರ್. ಅದರ ಮೇಲೆ ಕ್ರೋಶಾದ ಬಿಳಿ ಹೊದಿಕೆ. ಹೊದಿಕೆಯ ಮೇಲೆ ಗಣಪತಿಯ ಮೂರ್ತಿ. ದೇವರನ್ನು ಎತ್ತದೆ ಪ್ಲೇಯರಿನ ಮುಚ್ಚಳ ತೆಗೆಯುವಂತಿರಲಿಲ್ಲ, ದೇವರನ್ನು ಎತ್ತುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮಾಮಾ ಆ ಗಣಪತಿಯನ್ನು ಅಲ್ಲಿ ಕೂಡಿಸಿದ್ದೇ ಅದಕ್ಕಾಗಿ.

ತೊಂಬತ್ತರ ದಶಕದ ಶುರುವಿನಲ್ಲಿ ಕಾಲೇಜು ಓದಲೆಂದು ಗದಗಿನಿಂದ ಬಂದು ನಾನು ಆ ಮನೆಯಲ್ಲಿ ಟ್ರಂಕು ಇಳಿಸಿದೆ. ಮಾಮಾ ನನ್ನ ಅವ್ವನ ಅಣ್ಣ. ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತ. ಮಾಮಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ನನಗೊಂದು ಸೂರು, ಅಣ್ಣನಿಗೊಂದು ಬಿಸಿ ಭಕ್ರಿ ಎಂಬುದು ಅವ್ವನ ಲೆಕ್ಕಾಚಾರ. ಆ ಲೆಕ್ಕಾಚಾರದಲ್ಲಿ ಆಕೆ ರೆಕಾರ್ಡುಗಳನ್ನು ಹಿಡಿದಿರಲಿಲ್ಲ.

ಒಳಗೆ ಕಾಲಿಟ್ಟ ಕೂಡಲೇ ಪಾಠ ಶುರುವಾಯಿತು.

“ಕೈ ತೊಳಕೊಂಡು ಬಾ. ಆ ಕಪಾಟಿಗೆ ಆನಬ್ಯಾಡ. ಜೋರಾಗಿ ನಡೀಬ್ಯಾಡ, ಹಲಗಿ ನೆಲ ಅದ. ಕಿಟಕಿ ತಗೀಬ್ಯಾಡ, ಬಿಸಲು ಬರ್ತದ. ಮುಚ್ಚಿ ಇಡಬ್ಯಾಡ, ಬೂಸು ಹತ್ತತದ.”

“ಮತ್ತ ಕಿಟಕಿ ಏನ್ ಮಾಡ್ಲಿ ಮಾಮಾ?”

“ಅರ್ಧಾ ತಗಿ,” ಅಂದ.

ಅರ್ಧ ತೆರೆದ ಆ ಕಿಟಕಿಯೆದುರು ಕೂತು ನಾನು ಬಿ.ಕಾಂ. ಪೂರ್ತಿ ಮುಗಿಸಿದೆ.

ಆ ಮನೆಯಲ್ಲಿ ಏನನ್ನೂ ಕರಿಯುವಂತಿರಲಿಲ್ಲ. ಎಣ್ಣೆಯ ಹೊಗೆ ರೆಕಾರ್ಡಿನ ಗೆರೆಗಳೊಳಗೆ ಹೋಗಿ ಕೂಡುತ್ತದಂತೆ. ಮಳೆಗಾಲದ ಸಂಜೆ ಇಡೀ ವಾಡೆಯಿಂದ ಕಾಂದಾ ಭಜಿಯ ವಾಸನೆ ಏಳುವಾಗ ನಾವಿಬ್ಬರು ಉಪ್ಪಿಟ್ಟು ತಿನ್ನುತ್ತ ಕೂಡುತ್ತಿದ್ದೆವು. ಒಗ್ಗರಣೆಗೂ ಒಂದು ಶಿಸ್ತು. ನಾನು ಅಡಿಗೆಮನೆಯ ಒಳಗೆ, ಬಾಗಿಲು ಬಂದ್, ಹೊರಗೆ ಚಿಲಕ ಹಿಡಿದುಕೊಂಡು ಮಾಮಾ. ಸಾಸಿವೆ ಸಿಡಿಯುವುದು ನಿಂತು, ಹೊಗೆ ಬೆಳಕಿಂಡಿಯಿಂದ ಹೊರಗೆ ಹೋದ ಮೇಲೆಯೇ ನನಗೆ ಬಿಡುಗಡೆ. ಹೊರಗೆ ಬಂದಾಗ ನನ್ನ ಕಣ್ಣು ಕೆಂಪಾಗಿರುತ್ತಿತ್ತು. ಮಾಮಾ ನನ್ನ ಕಣ್ಣು ನೋಡುತ್ತಿರಲಿಲ್ಲ, ಕಪಾಟು ಮೂಸಿ ನೋಡುತ್ತಿದ್ದ.

ಹಾಗಾದರೆ ಈ ಮಹಾಶಯ ರೆಕಾರ್ಡು ಕೇಳುವುದು ಯಾವಾಗ? ನಿಮಗೆ ಬಂದ ಪ್ರಶ್ನೆ ನನಗೂ ಬಂತು. ಉತ್ತರ ಮೊದಲ ಭಾನುವಾರವೇ ಸಿಕ್ಕಿತು. ಮಾಮಾ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಕಪಾಟಿನಿಂದ ಒಂದು ರೆಕಾರ್ಡನ್ನು ಅದರ ಕವರಿನ ಸಮೇತ ತೆಗೆದ. ಆರಾಮ ಕುರ್ಚಿಯಲ್ಲಿ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡ. ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿಗೆ ಎಡಗಾಲು ತಾಳ ಹಾಕತೊಡಗಿತು. ತಲೆ ತೂಗಿತು. ಒಮ್ಮೆ ‘ವಾಹ್’ ಎಂದೂ ಅಂದ. ಆಮೇಲೆ ಕಣ್ಣು ತೆರೆದು, ತೊಡೆಯ ಮೇಲಿದ್ದ ಕವರನ್ನು ಮಗುಚಿ, ಮತ್ತೆ ಕಣ್ಣು ಮುಚ್ಚಿದ. ಎರಡನೆಯ ಬದಿ!

“ಮಾಮಾ, ಚಹಾ…” ಅಂದೆ.

ತುಟಿಯ ಮೇಲೆ ಬೆರಳಿಟ್ಟು, “ಕೇಳಲಿಕ್ಕೆ ಹತ್ತೀನಿ,” ಅಂದ.

ಪರವೂರು, ಹೊಸ ಕಾಲೇಜು, ಮನೆಯಲ್ಲಿ ನೋಡಿದರೆ ಇಲ್ಲದ ಹಾಡಿಗೆ ತಲೆದೂಗುವ ಮಾಮಾ. ಆ ದಿನವೇ ಗದಗಿನ ಬಸ್ಸು ಹತ್ತಿಬಿಡಬೇಕೆನ್ನಿಸಿದ್ದು ಸುಳ್ಳಲ್ಲ. ಧೈರ್ಯ ಮಾಡಿ, ಪ್ಲೇಯರ್ ಇರುವಾಗ ಹೀಗೇಕೆ ಎಂದು ಕೇಳಿದೆ.

“ಸೂಜಿ ಅಂದ್ರ ಏನಂತ ತಿಳದೀ? ಅದರ ತುದೀಗೆ ವಜ್ರ ಇರ್ತದ. ವಜ್ರ ಹೋಗಿ ಪ್ಲಾಸ್ಟಿಕ್ ಮ್ಯಾಲೆ ಹರದಾಡಿದ್ರ ಯಾರು ಸವೀತಾರ?”

“ಪ್ಲಾಸ್ಟಿಕ್.”

“ಹೌದಿಲ್ಲೋ? ಒಂದು ಸಲ ಹಚ್ಚಿದ್ರ ಒಂದಿಷ್ಟು ಹಾಡು ಹೋತು. ಇನ್ನೊಂದು ಸಲ, ಇನ್ನೊಂದಿಷ್ಟು. ಜನಾ ಹಾಡು ಕೇಳ್ತೇವಿ ಅಂತಾರ. ಅವರು ಕೇಳೂದಿಲ್ಲವಾ, ತಿಂತಾರ.”

ಈ ಸಿದ್ಧಾಂತಕ್ಕೆ ನಾನೇನು ಹೇಳಲಿ? ಲೋಕವೆಲ್ಲ ರೆಕಾರ್ಡು ಕೊಳ್ಳುವುದು ಹಾಕಿ ಕೇಳಲಿಕ್ಕೆ, ನಮ್ಮ ಮಾಮಾ ಕೊಳ್ಳುವುದು ಕೇಳದೆ ಉಳಿಸಲಿಕ್ಕೆ. ಜುನಾ ಬಜಾರಿನಲ್ಲಿ ಹಳೆಯ ರೆಕಾರ್ಡು ಕಂಡರೆ ಯಾರದೋ ಸೂಜಿಯಿಂದ ಅದನ್ನು ಪಾರುಮಾಡಿ ತರುತ್ತಿದ್ದ. ಬರಬರುತ್ತ ನನಗೂ ಆ ಹೆದರಿಕೆ ಹತ್ತಿತು. ಮನೆಯಲ್ಲಿ ತುದಿಗಾಲಲ್ಲಿ ನಡೆದೆ. ಸೀನು ಬಂದರೆ ಹೊರಗಿನ ಮೆಟ್ಟಿಲಿಗೆ ಓಡಿದೆ. ಗೆಳತಿಯರ ಹಾಸ್ಟೆಲಿನಲ್ಲಿ ಟೇಪ್‌ರೆಕಾರ್ಡರಿನಲ್ಲಿ ಹಾಡು ಕೇಳುವಾಗ ಕೂಡ, ಅಯ್ಯೋ ಸವೆಯುತ್ತಿದೆಯಲ್ಲ ಎಂದು ಕೈ ತಾನಾಗಿ ಬಂದ್ ಮಾಡುವ ಗುಂಡಿಗೆ ಹೋಗುತ್ತಿತ್ತು.

ವರ್ಷದಲ್ಲಿ ಮಾಮಾನ ಹೆದರಿಕೆ ಶಿಖರಕ್ಕೇರುತ್ತಿದ್ದುದು ಗಣಪತಿ ವಿಸರ್ಜನೆಯ ದಿನ. ಪೇಠಗಳ ಮಂಡಳಿಗಳೆಲ್ಲ ಢೋಲು ತಾಶೆ ಬಾರಿಸುತ್ತ ನಮ್ಮ ಓಣಿಯಿಂದಲೇ ಹೋಗುತ್ತಿದ್ದವು. ಒಂದೊಂದು ಢೋಲಿನ ಪೆಟ್ಟಿಗೂ ಹಲಗೆಯ ನೆಲ ಪಾದದಡಿ ಮಿಡುಕುತ್ತಿತ್ತು. ಮಾಮಾ ರಜೆ ಹಾಕಿ, ಮನೆಯಲ್ಲಿದ್ದ ಕೌದಿ, ಗಾದಿ, ನನ್ನ ಚಾದರ ಎಲ್ಲವನ್ನೂ ಕಪಾಟುಗಳಿಗೆ ಸುತ್ತುತ್ತಿದ್ದ. ಆಮೇಲೆ, “ನೀ ಆ ಕಪಾಟು ಹಿಡಿ, ನಾ ಇದನ್ನ ಹಿಡೀತೀನಿ,” ಎನ್ನುತ್ತಿದ್ದ. ಹೀಗೆ ನಾವು ಮಾಮಾ ಸೊಸೆ ಕಪಾಟುಗಳನ್ನು ತಬ್ಬಿಕೊಂಡು ನಿಂತಿದ್ದಾಗ ಕೆಳಗಿನ ಮನೆಯ ಜೋಶಿ ಕಾಕು ಮೋದಕ ಹಿಡಿದು ಬಂದಳು. ನಮ್ಮ ಅವಸ್ಥೆ ನೋಡಿ, “ಕಾಯ್ ಝಾಲಂ?” ಏನಾಯಿತೆಂದು ಕೇಳಿದಳು.

“ಭೀತಿ ವಾಟತೆ,” ಅಂದ ಮಾಮಾ. ಹೆದರಿಕೆಯಾಗುತ್ತದೆ ಎಂದು.

ಢೋಲಿನ ಸದ್ದಿಗೆ ಹೆದರಿದ್ದಾರೆಂದು ತಿಳಿದ ಆ ಪುಣ್ಯಾತ್ಮಳು ಮರುದಿನ ಮಾರುತಿ ಗುಡಿಯಿಂದ ಇಬ್ಬರಿಗೂ ಮಂತ್ರಿಸಿದ ಕರಿದಾರ ತಂದು ಕಟ್ಟಿದಳು. ನಾನು ಅದನ್ನು ಪರೀಕ್ಷೆ ಮುಗಿಯುವ ತನಕ ಬಿಚ್ಚಲಿಲ್ಲ, ಇರಲಿ ಎಂದು.

ಇದೆಲ್ಲ ನಗುವ ಮಾತಾಯಿತು. ನನ್ನ ಮದುವೆಯ ಮಾತು ಬಂದಾಗ ನನಗೆ ನಗು ಬರಲಿಲ್ಲ. ಸೊಲ್ಲಾಪುರದ ಕನ್ನಡದವರು, ಒಳ್ಳೆಯ ಮನೆತನ, ಹೆಣ್ಣು ನೋಡಲು ಬಂದರು. ಅವ್ವ ಅಪ್ಪ ಗದಗಿನಿಂದ ಬಂದಿದ್ದರು. ಅವಲಕ್ಕಿ, ಚಹಾ ಬಂತು. ಹುಡುಗನ ತಂದೆಗೆ ಸಂಗೀತದ ಹುಚ್ಚು. ಕಪಾಟುಗಳನ್ನು ನೋಡಿ ಅವರ ಮುಖ ಅರಳಿತು.

“ಏನ್ರಿ ಇದು, ಖಜಾನಿನ ಇಟ್ಟೀರಿ. ಒಂದು ನಾಟ್ಯಗೀತ ಹಚ್ಚರಿ, ಕೇಳೋಣು,” ಅಂದರು. ಮೇಲಾಗಿ ಎದ್ದು ಪ್ಲೇಯರಿನ ಕಡೆ ನಡೆದೇಬಿಟ್ಟರು, ಗಣಪತಿಗೆ ಕೈ ಹಾಕಿದರು!

ಮಾಮಾನ ಬಣ್ಣ ಹೋಯಿತು. ಆ ಗಾಬರಿಯಲ್ಲಿ ಆತನಿಗೆ ಹೊಳೆದದ್ದು ಒಂದೇ ನೆಪ.

“ಮುಟ್ಟಬ್ಯಾಡ್ರಿ. ಹಾಡು ಹಚ್ಚಲಿಕ್ಕೆ ಬರೂದಿಲ್ಲ. ಮನ್ಯಾಗ ಸೂತಕ ಅದ.”

ಸೂತಕವಿರುವ ಮನೆಗೆ ಯಾರಾದರೂ ಹೆಣ್ಣು ನೋಡಲು ಕರೆಯುತ್ತಾರೆಯೇ? ಚಹಾದ ಕಪ್ಪುಗಳು ಒಂದೊಂದಾಗಿ ಕೆಳಗೆ ಇಳಿದವು. ಹುಡುಗನ ತಾಯಿ ತಿನ್ನುತ್ತಿದ್ದ ಅವಲಕ್ಕಿಯನ್ನು ನುಂಗುವುದೋ ಬಿಡುವುದೋ ತಿಳಿಯದೆ ಬಾಯಲ್ಲೇ ಇಟ್ಟುಕೊಂಡು ಎದ್ದರು. ಬಾಗಿಲಲ್ಲಿ ಯಾರೂ ‘ಬರ್ತೀವಿ’ ಎನ್ನಲಿಲ್ಲ, ಸಾವಿನ ಮನೆಯಿಂದ ಹೊರಡುವಾಗ ಹಾಗೆ ಅನ್ನುವುದಿಲ್ಲವಲ್ಲ. ಅವ್ವ ಮಾಮಾನೊಡನೆ ಬಹಳ ದಿನ ಮಾತು ಬಿಟ್ಟಳು. ನನಗೆ ಆಮೇಲೆ ಮದುವೆಯಾಯಿತು, ಸಂಗೀತದ ಗಂಧವೇ ಇಲ್ಲದ ಮನೆಗೆ. ಅವ್ವ ಹುಡುಕಿ ಹುಡುಕಿ ತಂದ ಸಂಬಂಧ ಅದು. ಗಂಡನಿಗೆ ಪುಣೆಯಲ್ಲೇ ಕೆಲಸ. ಹೊಸ ಶತಮಾನ ಬಂದು, ಮಗರಪಟ್ಟಾದ ಹೊಲಗಳಲ್ಲಿ ಕಟ್ಟಡಗಳು ಎದ್ದ ಮೇಲೆ ನಾವೂ ಅಲ್ಲಿ ಒಂದು ಫ್ಲ್ಯಾಟು ಹಿಡಿದೆವು. ನಾನು ಭಾನುವಾರ ತಪ್ಪದೆ ನಾರಾಯಣ ಪೇಠಕ್ಕೆ ಹೋಗಿ, ನಿವೃತ್ತನಾಗಿದ್ದ ಮಾಮಾನ ಮೌನ ಸಂಗೀತಕ್ಕೆ ಚಹಾ ಮಾಡಿಕೊಟ್ಟು ಬರುತ್ತಿದ್ದೆ.

ಅಂಥ ಒಂದು ಭಾನುವಾರ ಮೆಟ್ಟಿಲು ಹತ್ತುತ್ತ ಮಾಮಾನ ಹಳೆಯ ಗೆಳೆಯ ಡೆಸ್ಮಂಡ್ ಬಂದರು. ಘೋರ್ಪಡಿಯ ರೈಲ್ವೆ ಕಾಲನಿಯವರು, ಗಾರ್ಡ್ ಆಗಿ ನಿವೃತ್ತರಾದವರು. ಹುಬ್ಬಳ್ಳಿಯಲ್ಲಿ ಬೆಳೆದದ್ದರಿಂದ ಕನ್ನಡ ನಮ್ಮಂತೆಯೇ ಮಾತಾಡುತ್ತಿದ್ದರು. ಅವರು ಬಾಯಿಬಿಟ್ಟ ಮೇಲೆ ನನಗೆ ತಿಳಿಯಿತು, ಇಷ್ಟು ವರ್ಷ ನಾನು ಯಾರ ಮನೆಯಲ್ಲಿ ಉಪ್ಪಿಟ್ಟು ತಿಂದಿದ್ದೆನೆಂದು. ನಮ್ಮ ಮಾಮಾ ಒಂದು ಕಾಲಕ್ಕೆ ಬ್ಯಾಂಡಿನಲ್ಲಿ ಮೌತ್ ಆರ್ಗನ್ ನುಡಿಸುತ್ತಿದ್ದನಂತೆ! ಡೆಸ್ಮಂಡ್ ಗಿಟಾರು. ಇನ್ನು ಡ್ರಮ್ಮು, ಪಿಯಾನೋದವರೆಲ್ಲ ಅದೇ ರೈಲ್ವೆಯವರು. ಸಂಜೆ ಡ್ಯೂಟಿ ಮುಗಿಸಿ ದಂಡುಪ್ರದೇಶ ಕ್ಯಾಂಪಿನ ಹೋಟೆಲುಗಳಲ್ಲಿ ಅಮೆರಿಕದ ಹಳೆಯ ರಿದಂ ಆ್ಯಂಡ್ ಬ್ಲೂಸ್ ಬಾರಿಸುತ್ತಿದ್ದರು. ಒಂದೇ ಒಂದು ರೆಕಾರ್ಡನ್ನೂ ಮಾಡಿದ್ದರು.

“ಅಂದ್ರ ಎಂಥಾ ಹಾಡು ಅವು?” ಎಂದು ಕೇಳಿದೆ.

ಮಾಮಾ ನೆಲ ನೋಡುತ್ತ ಹೇಳಿದ. “ಅಲ್ಲಿ ಕರೇ ಜನರು ಹತ್ತಿ ಹೊಲದಾಗ ದುಡಕೋತ ಹಾಡಿದ್ದು. ದುಃಖದ್ದ ಇರ್ತದ, ಆದ್ರ ಕಾಲು ಕುಣೀತಾವ. ನಮ್ಮ ತತ್ವಪದ ಇಲ್ಲೇನು, ಹಂಗ. ಒಬ್ಬೊಬ್ಬರದು ಒಂದೊಂದು ನಮೂನಿ. ನಾವು ಎಲ್ಲಾ ಕೂಡಿಸಿ, ನಡುವ ನಮ್ಮ ರೈಲು ಸೇರಿಸಿ ಬಾರಿಸ್ತಿದ್ವಿ.”

ಡೆಸ್ಮಂಡ್ ತಂದ ಸುದ್ದಿ ಇಷ್ಟು. ಹಾಲೆಂಡಿನ ಸಣ್ಣ ಕಂಪನಿಯೊಂದು ಜಗತ್ತಿನ ಮೂಲೆಮೂಲೆಯ ಇಂಥ ಹಳೆಯ ರೆಕಾರ್ಡುಗಳನ್ನು ಹುಡುಕಿ ಮತ್ತೆ ಅಚ್ಚು ಹಾಕುತ್ತದೆ, ಹಳೆಯ ರೀತಿಯಲ್ಲೇ, ಕಪ್ಪು ತಟ್ಟೆಯಾಗಿ. ಅವರಿಗೆ ಇವರ ರೆಕಾರ್ಡು ಬೇಕಾಗಿದೆ. ಆದರೆ ಮೂಲ ಟೇಪು ಎಂದೋ ಬೂಸು ಹತ್ತಿ ಹೋಗಿದೆ. ಡೆಸ್ಮಂಡರ ಪ್ರತಿ ಹಚ್ಚಿ ಹಚ್ಚಿ ಕುಣಿದದ್ದರಿಂದ ಗೀಚಿಹೋಗಿದೆ. ಡ್ರಮ್ಮಿನವರದು ಬಿಸಿಲಿಗೆ ಹಪ್ಪಳವಾಗಿದೆ. ಪಿಯಾನೋದವರ ಮನೆಯಲ್ಲಿ ಅದರ ಮೇಲೆ ಮೀನು ಹೆಚ್ಚುತ್ತಿದ್ದರಂತೆ.

“ಸರಿಯಾಗಿ ಉಳಿದದ್ದು ನಿನ್ನದೊಂದ. ನೀ ಹೆದರುಪುಕ್ಕ ಅಂತ ನಮಗೆಲ್ಲಾ ಗೊತ್ತಿತ್ತು,” ಅಂದರು ಡೆಸ್ಮಂಡ್, ತುಂಬ ಪ್ರೀತಿಯಿಂದ.

“ಕೊಡೂದಿಲ್ಲ,” ಅಂದ ಮಾಮಾ.

“ಒಂದ ಸಲ ಸೂಜಿ ಇಡ್ತಾರ. ಒಂದ ಸಲ. ಕಂಪ್ಯೂಟರಿಗೆ ಇಳಿಸಿಕೊಂಡು ವಾಪಸ್ ಕೊಡ್ತಾರ.”

“ಆ ಒಂದು ಸಲ ಆದ್ರ ಹೋದದ್ದನ್ನ ಯಾರು ತಂದು ಕೊಡ್ತಾರ?”

ಡೆಸ್ಮಂಡ್ ಸೋತು ಹೊರಟು ನಿಂತರು. ಬಾಗಿಲಲ್ಲಿ ತಿರುಗಿ, “ಅಲ್ಲೋ, ನಿನ್ನ ಹಿಂದ ಅದನ್ನ ಯಾರು ಕಾಯ್ತಾರ?” ಎಂದು ಕೇಳಿದರು.

“ನಾ ಇದ್ದೀನಲ್ಲಾ,” ಅಂದೆ ನಾನು, ಎದೆ ತಟ್ಟಿಕೊಂಡು.

ಮಾಮಾ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದ. ಮಗರಪಟ್ಟಾದ ನನ್ನ ಅಡಿಗೆಮನೆ, ಅಲ್ಲಿ ಬಾಗಿಲು ತೆರೆದೇ ಕರಿಯುವ ಭಜಿ, ಗೋಡೆಗೆ ಚೆಂಡು ಹೊಡೆಯುವ ನನ್ನ ಮಕ್ಕಳು ಎಲ್ಲ ಆತನ ಕಣ್ಣ ಮುಂದೆ ಹಾದುಹೋಗಿರಬೇಕು. ಹೋಗುತ್ತಿದ್ದ ಡೆಸ್ಮಂಡರನ್ನು ಕೂಗಿ ನಿಲ್ಲಿಸಿದ.

“ಯಾವತ್ತು ತರ್ಲಿ?” ಅಂದ.

ಕಬ್ಬಿಣದ ಕಪಾಟಿನ ಒಳಖಾನೆಯಿಂದ ಆ ರೆಕಾರ್ಡು ಹೊರಬಂದದ್ದನ್ನು ನಾನು ಮೊದಲ ಸಲ ನೋಡಿದೆ. ಮಾಮಿಯ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿತ್ತು. ಅದನ್ನು ಕೌದಿಯಲ್ಲಿ ಸುತ್ತಿ, ಕೌದಿಯನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು, ಸುತ್ತ ಹತ್ತಿ ತುರುಕಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮಾಮಾ ರಿಕ್ಷಾದಲ್ಲಿ ಕೂತ. ಹಾಡು ಇಳಿಸಿಕೊಳ್ಳುವ ವಿಮಾನ ನಗರದ ಸ್ಟುಡಿಯೋ ತನಕ ದಾರಿಯಲ್ಲಿ ಎಷ್ಟು ಉಬ್ಬುಗಳಿವೆ ಎಂದು ನನಗೆ ಗೊತ್ತಾದದ್ದು ಅಂದೇ. ಪ್ರತಿ ಉಬ್ಬಿಗೂ ಮಾಮಾ ಪೆಟ್ಟಿಗೆಯನ್ನು ಎರಡೂ ಕೈಯಿಂದ ಗಾಳಿಯಲ್ಲಿ ಎತ್ತಿ ಹಿಡಿಯುತ್ತಿದ್ದ, ಬೀಳದಂತೆ ಮಾಮಾನನ್ನು ನಾನು ಹಿಡಿಯುತ್ತಿದ್ದೆ. ರಿಕ್ಷಾದವ ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಿದ್ದ. ಆತನ ಮುಖದಲ್ಲೂ ಹೆದರಿಕೆ ಕಾಣಿಸಿತು.

ವಿಮಾನ ನಿಲ್ದಾಣದ ರಸ್ತೆಯಲ್ಲಿ ಪೊಲೀಸರು ಗಾಡಿಗಳನ್ನು ತಪಾಸಣೆ ಮಾಡುತ್ತಿದ್ದರು. ಬಾಂಬಿನ ಭಯದ ಆ ದಿನಗಳಲ್ಲಿ ಎಲ್ಲರಿಗೂ ಎಲ್ಲರ ಮೇಲೂ ಸಂಶಯ. ಬೆವರುತ್ತಿರುವ ಮುದುಕ, ಎದೆಗವಚಿಕೊಂಡ ತಗಡಿನ ಪೆಟ್ಟಿಗೆ. ರಿಕ್ಷಾ ನಿಂತಿತು. ಹವಾಲ್ದಾರ ಲಾಠಿಯ ತುದಿಯಿಂದ ಪೆಟ್ಟಿಗೆಯನ್ನು ಕುಟ್ಟಿದ.

“ಪೇಟೀತ್ ಕಾಯ್ ಆಹೆ?” ಪೆಟ್ಟಿಗೆಯಲ್ಲಿ ಏನಿದೆ ಎಂದ.

ಲಾಠಿ ಪೆಟ್ಟಿಗೆಗೆ ತಾಗಿದ್ದೇ ಮಾಮಾನ ಬುದ್ಧಿಯ ಸ್ಥಿಮಿತ ತಪ್ಪಿತು.

“ಮಾಝಿ ಬಾಯಕೊ,” ಅಂದ. ನನ್ನ ಹೆಂಡತಿ!

ಹವಾಲ್ದಾರ ಎರಡು ಹೆಜ್ಜೆ ಹಿಂದೆ ಸರಿದ. ಇನ್ನಿಬ್ಬರು ಪೊಲೀಸರು ಓಡಿಬಂದರು. ರಿಕ್ಷಾದವ ಇಳಿದು, ತನಗೂ ನಮಗೂ ಸಂಬಂಧವೇ ಇಲ್ಲವೆಂದು ಕೈಮುಗಿದು ನಿಂತ. ಇದು ಗ್ರಾಮಫೋನ್ ರೆಕಾರ್ಡು, ಇವರಿಗೆ ವಯಸ್ಸಾಗಿದೆ, ತಲೆ ಸರಿಯಿಲ್ಲ ಎಂದು ನನ್ನ ಮರಾಠಿಯೆಲ್ಲ ಖರ್ಚು ಮಾಡಿದೆ. ಪೆಟ್ಟಿಗೆ ತೆರೆಸಿದರು. ಹತ್ತಿ, ಕೌದಿ, ಸೀರೆ. ಸೀರೆ ಕಂಡಾಗ ಹವಾಲ್ದಾರನ ಮುಖ ಮತ್ತೆ ಬಿಳಿಚಿತು. ಕೊನೆಗೆ ಕಪ್ಪು ತಟ್ಟೆ ಕಂಡಿತು. ಆತ ಬೆರಳು ಚಾಚಿದ. “ಹಾತ್ ಲಾವೂ ನಕಾ,” ಮುಟ್ಟಬೇಡಿ, ಎಂದು ಮಾಮಾ ಅಂದ ದನಿಗೆ ಪೊಲೀಸ್ ಬೆರಳು ಹಿಂದಕ್ಕೆ ಹೋಯಿತು. ನಮ್ಮನ್ನು ಬಿಟ್ಟರು.

ಸ್ಟುಡಿಯೋದಲ್ಲಿ ಧ್ವನಿಯ ಕೆಲಸ ನೋಡಿಕೊಳ್ಳುವವಳು ಸುಮನಾ, ಬೆಂಗಳೂರಿನವಳು. ಕನ್ನಡದವರೆಂದು ತಿಳಿದು ಸಂತೋಷಪಟ್ಟಳು. “ಟೆನ್ಷನ್ ಮಾಡ್ಕೋಬೇಡಿ ಅಂಕಲ್. ಫಸ್ಟ್ ಒಂದ್ಸಲ ತೊಳ್ದುಬಿಡ್ತೀನಿ,” ಅಂದಳು.

“ಏನನ್ನ?” ಅಂದ ಮಾಮಾ.

“ರೆಕಾರ್ಡ್‌ನ.”

ನಾನು ಕುರ್ಚಿ ತಂದು ಮಾಮಾನನ್ನು ಕೂಡಿಸಿದೆ. ಅವಳು ನಿಜಕ್ಕೂ ನೀರು ಹಾಕಿ ತೊಳೆದು, ಒರೆಸಿ, ಪ್ಲೇಯರಿನ ಮೇಲಿಟ್ಟಳು. ಸೂಜಿ ಇಳಿಯುವಾಗ ಮಾಮಾ ನನ್ನ ಕೈ ಹಿಡಿದ. ಮೊದಲು ಒಂದು ಕರಕರ, ಆಮೇಲೆ ಎಂಜಿನ್ನು ಹೊರಟಂತೆ ಡ್ರಮ್ಮು, ಅದರ ಬೆನ್ನಿಗೆ ಸಿಳ್ಳೆಯಂತೆ ಮೌತ್ ಆರ್ಗನ್. ನನಗೆ ಬ್ಲೂಸ್ ಗೀಸ್ ಏನೂ ತಿಳಿಯದು, ಆದರೆ ಕಾಲು ತಾನಾಗಿ ಅಲುಗಿತು. ಈ ಹೆದರುಪುಕ್ಕ ನನ್ನ ಮಾಮಾ ಇಷ್ಟು ನಿರ್ಭಯವಾಗಿ ಊದಿದ್ದನೇ? ಪಕ್ಕಕ್ಕೆ ನೋಡಿದರೆ ಮಾಮಾ ಕೇಳುತ್ತಲೇ ಇರಲಿಲ್ಲ. ಸೂಜಿಯನ್ನೇ ದಿಟ್ಟಿಸುತ್ತಿದ್ದ.

ಒಂದು ಬದಿ ಮುಗಿಯಿತು. ಸುಮನಾ ಸಣ್ಣ ಬ್ರಶ್ಶಿನಿಂದ ಸೂಜಿಯ ತುದಿಯನ್ನು ಒರೆಸಲು ಹೋದಳು. ಮಾಮಾ ಎದ್ದು ಓಡಿ ಕರವಸ್ತ್ರ ಬಿಡಿಸಿ ಹಿಡಿದ. “ಅದನ್ನ ಚೆಲ್ಲಬ್ಯಾಡ್ರಿ. ಇದರಾಗ ಹಾಕ್ರಿ.”

“ಅಂಕಲ್, ಇದು ಧೂಳು.”

“ಇರಲಿ, ಹಾಕ್ರಿ.”

ಅವಳು ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ನಾಚಿಕೆಯಿಂದ ಹಿಡಿಯಷ್ಟಾಗಿದ್ದೆ.

ಎಲ್ಲ ಕಂಪ್ಯೂಟರಿಗೆ ಇಳಿದ ಮೇಲೆ ಸುಮನಾ ಕೊನೆಯ ಹಾಡನ್ನು ಮತ್ತೆ ಕೇಳಿ ಹುಬ್ಬು ಗಂಟಿಕ್ಕಿದಳು. “ಈ ಟ್ರ್ಯಾಕಲ್ಲಿ ಮಾತ್ರ ಸಿಕ್ಕಾಪಟ್ಟೆ ಕ್ಲಿಕ್ಸ್ ಬರ್ತಿದೆ. ಕಂಪನಿಯವರು ಎಲ್ಲಾ ಕ್ಲೀನ್ ಇರ್ಬೇಕು ಅಂತ ಹೇಳಿದಾರೆ. ಪರ್ವಾಗಿಲ್ಲ, ಸಾಫ್ಟ್‌ವೇರಲ್ಲಿ ತೆಗೆದ್‌ಹಾಕ್ಬಹುದು. ಈಗ ಕೇಳಿ.” ಏನೋ ಒತ್ತಿದಳು. ಹಾಡು ಮತ್ತೆ ಬಂತು, ತೊಳೆದಿಟ್ಟ ಗಾಜಿನಂತೆ ಸ್ವಚ್ಛವಾಗಿ. ಎಲ್ಲೂ ಒಂದು ಚಿಟಿಕೆ ಸದ್ದಿಲ್ಲ.

ಮಾಮಾ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಿದ್ದ. ಅಂಥ ಹೆದರಿಕೆಯನ್ನು ಢೋಲು ತಾಶೆಯ ದಿನವೂ ನಾನು ಆ ಮುಖದಲ್ಲಿ ಕಂಡಿರಲಿಲ್ಲ.

“ಆಕಿ ಎಲ್ಲಿ?” ಅಂದ.

“ಯಾರು ಅಂಕಲ್?”

“ಅದು ರೆಕಾರ್ಡು ಕೆಟ್ಟಿದ್ದಲ್ಲವಾ. ಅದು ನಮ್ಮಾಕಿ ಕೈಬಳಿ ಸಪ್ಪಳ.”

ಆಮೇಲೆ ಮೆಲ್ಲಗೆ ಎಲ್ಲ ಹೇಳಿದ. ರೆಕಾರ್ಡು ಮಾಡಿದ ದಿನ ಮಾಮಿ ಇಡೀ ಬ್ಯಾಂಡಿಗೆ ಊಟದ ಡಬ್ಬಿ ತೆಗೆದುಕೊಂಡು ಹೋಗಿದ್ದಳಂತೆ. ಕೊನೆಯ ಹಾಡಿಗೆ ಚಪ್ಪಾಳೆ ತಟ್ಟಲು ಕೈಗಳು ಸಾಲದೆ ಅವಳನ್ನೂ ನಿಲ್ಲಿಸಿದರು. ರೆಕಾರ್ಡು ಮಾಡುವವನು ಬಳೆ ತೆಗೆದಿಟ್ಟು ಬನ್ನಿ ಅಂದ. ಮಾಮಿ ಅವನನ್ನೇ ನೋಡಿ, “ಗಂಡ ಎದುರಿಗೆ ಕೂತಾಗ ಬಳಿ ತಗೀಲೇನು? ಏನು ಮಾತಾಡ್ತೀರಿ,” ಅಂದಳಂತೆ. ಅವನು ಕೈಚೆಲ್ಲಿದ. ಅಷ್ಟೇ ಆಗಿದ್ದರೆ ಆಗುತ್ತಿತ್ತು. ಆ ಸಂಗೀತದಲ್ಲಿ ಚಪ್ಪಾಳೆ ಬೀಳಬೇಕಾದ್ದು ಎರಡನೆಯ, ನಾಲ್ಕನೆಯ ಪೆಟ್ಟಿಗೆ. ಮಾಮಿ ಭಜನೆಯ ಮನೆಯವಳು, ಮೊದಲ ಪೆಟ್ಟಿಗೇ ತಟ್ಟಿದಳು. ಎಲ್ಲರೂ ನಕ್ಕು, ಕೊನೆಗೆ ಡೆಸ್ಮಂಡ್, “ಇರಲಿ ಬಿಡ್ರಿ, ರೈಲು ಹಳಿ ದಾಟಿದಂಗ ಕೇಳಸ್ತದ,” ಎಂದು ಹಾಗೆಯೇ ಬಿಟ್ಟರು.

“ಬಳಿ ಹಾಕ್ಕೊಂಡ ಹೋದಳು,” ಅಂದ ಮಾಮಾ. “ಆಕಿ ಹೋದ ಮ್ಯಾಲೆ ಒಂದು ದಿನ ಅದನ್ನ ಹಚ್ಚಿದ್ದೆ. ಸೂಜಿ ಎತ್ತಿ ನೋಡಿದ್ರ ತುದೀಗೆ ಕರೇ ಪುಡಿ ಹತ್ತಿತ್ತು. ಹಚ್ಚಿದಷ್ಟು ಸಲ ಆಕಿ ಇಷ್ಟಿಷ್ಟ ಹೋಗ್ತಾಳ ಅನಿಸ್ತು. ಅವತ್ತ ಮುಚ್ಚಿಟ್ಟೆ. ಬ್ಯಾರೆ ಯಾವುದನ್ನ ಹಚ್ಚಿದ್ರೂ ಇದನ್ನೂ ಹಚ್ಚಬೇಕು ಅನಸ್ತದ. ಅದಕ್ಕ ಯಾವುದೂ ಬ್ಯಾಡ ಅಂದೆ.”

ಸುಮನಾ ತನ್ನ ಕುರ್ಚಿಯ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದು, “ಬನ್ನಿ ಅಂಕಲ್, ಇಲ್ಲಿ ಕೂತ್ಕೊಳ್ಳಿ. ಕಂಪ್ಯೂಟರಲ್ಲಿ ಎಷ್ಟ್ ಸಲ ಕೇಳಿದ್ರೂ ಏನೂ ಸವೆಯಲ್ಲ. ಧೂಳು ಯಾವುದು, ಆಂಟಿ ಯಾವುದು, ಒಂದೊಂದೇ ನೀವೇ ಹೇಳಿ. ಧೂಳು ಮಾತ್ರ ತೆಗೀತೀನಿ,” ಅಂದಳು.

ಊಟದ ಹೊತ್ತು ಮೀರಿ ಸಂಜೆಯ ತನಕ ಅದೇ ನಡೆಯಿತು. ಇಷ್ಟು ವರ್ಷ ಕೇಳದೆ ಕೂತ ಮನುಷ್ಯ ಒಂದೇ ಹಾಡನ್ನು ಚೂರುಚೂರಾಗಿ ಕೇಳುತ್ತ ಕೂತ. ಪರದೆಯ ಮೇಲೆ ಗೆರೆಗಳು ಏರುತ್ತಿದ್ದವು, ಇಳಿಯುತ್ತಿದ್ದವು. ಮಾಮಾ ಕಣ್ಣು ಮುಚ್ಚಿ ಬೆರಳೆತ್ತುತ್ತಿದ್ದ.

“ಇದು ಧೂಳು.”

“ಇದು?”

“ಧೂಳು.”

“ಇದು?”

“ಆಕಿ.”

ರೆಕಾರ್ಡು ಸುರಕ್ಷಿತವಾಗಿ ಕಪಾಟಿಗೆ ಮರಳಿತು, ಮಾಮಾನ ಹೆದರಿಕೆ ಮರಳಲಿಲ್ಲ. ಅದು ಈಗ ಹಾಲೆಂಡಿಗೆ ಹೋಗಿತ್ತು. ಅಲ್ಲಿಯವರು ಮತ್ತೊಮ್ಮೆ ತೊಳೆದರೆ? ಬಳೆಯ ಸದ್ದು ಅವರಿಗೇನು ಗೊತ್ತು? ಅಲ್ಲಿ ಯಾರು ಬಳೆ ಹಾಕುತ್ತಾರೆ? ಸುಮನಾ ಎಲ್ಲ ವಿವರಿಸಿ ಬರೆದಿದ್ದೇನೆಂದರೂ ಮಾಮಾನಿಗೆ ನಂಬಿಕೆ ಬರಲಿಲ್ಲ. ತಿಂಗಳುಗಳು ಕಳೆದ ಮೇಲೆ ಹೊಸ ರೆಕಾರ್ಡುಗಳ ದೊಡ್ಡ ಪೆಟ್ಟಿಗೆ ಬಂತು. ಮಾಮಾ ಅದನ್ನು ಬಿಚ್ಚಲೇ ಇಲ್ಲ. ಮಂಚದ ಕೆಳಗೆ ತಳ್ಳಿದ.

“ಒಂದು ತಗದು ನೋಡೋಣಲ್ಲಾ,” ಅಂದೆ.

“ಹಚ್ಚಿ ಕೇಳಿದಾಗ ಆಕಿ ಇರದಿದ್ರ?” ಅಂದ.

ಒಂದು ಭಾನುವಾರ ಕಳೆಯಿತು, ಇನ್ನೊಂದು ಕಳೆಯಿತು. ಪೆಟ್ಟಿಗೆ ಮಂಚದ ಕೆಳಗೇ ಇತ್ತು. ನನಗೂ ಹಟ ಹಿಡಿಯುವ ಧೈರ್ಯವಾಗಲಿಲ್ಲ. ನಿಜಕ್ಕೂ ಇರದಿದ್ದರೆ?

ಮಳೆಗಾಲದ ಒಂದು ಭಾನುವಾರ ವಾಡೆಯ ಮೆಟ್ಟಿಲು ಹತ್ತುತ್ತಿದ್ದಾಗ ಮೇಲಿನಿಂದ ಸದ್ದು ಕೇಳಿತು. ಆ ಮನೆಯಿಂದ ಸದ್ದು! ಮಾಮಾ ಬಿದ್ದನೇ? ಕಳ್ಳರು ಹೊಕ್ಕರೇ? ಮೆಟ್ಟಿಲು ಎರಡೆರಡಾಗಿ ಹಾರಿ ಬಾಗಿಲು ತಳ್ಳಿದೆ. ಕಿಟಕಿ ಪೂರ್ತಿ ತೆರೆದಿತ್ತು. ಗಣಪತಿ ತಲೆಯ ಮೇಲೊಂದು ದಾಸವಾಳ ಇಟ್ಟುಕೊಂಡು ಕಿಟಕಿಯ ಕಟ್ಟೆಗೆ ಬಂದು ಕೂತಿದ್ದ. ಪ್ಲೇಯರಿನ ಮುಚ್ಚಳ ತೆಗೆದಿತ್ತು, ತಟ್ಟೆ ತಿರುಗುತ್ತಿತ್ತು. ಅಡಿಗೆಮನೆಯ ಬಾಗಿಲು ಹಾರುಹೊಡೆದಿತ್ತು. ಮಾಮಾ ಒಲೆಯ ಮುಂದೆ ನಿಂತು ಕಾಂದಾ ಭಜಿ ಕರಿಯುತ್ತಿದ್ದ, ಮನೆ ತುಂಬ ಎಣ್ಣೆಯ ಹೊಗೆ. ಹಾಡಿನ ನಡುವೆ, ಬೀಳಬಾರದ ಪೆಟ್ಟಿಗೆ ಸರಿಯಾಗಿ, ಗಾಜಿನ ಬಳೆಗಳು ಝಲ್ಲೆನ್ನುತ್ತಿದ್ದವು.

ಹಾಡು ಮುಗಿಯಿತು. ಮಾಮಾ ಹಿಟ್ಟಿನ ಕೈ ತೊಳೆದು ಬಂದು, ಸೂಜಿ ಎತ್ತಿ, ಮತ್ತೆ ಅದೇ ಹಾಡಿನ ಮೊದಲಿಗೆ ಇಟ್ಟ.

ಎಷ್ಟೋ ವರ್ಷಗಳ ಅಭ್ಯಾಸ, ನನ್ನ ಬಾಯಿಂದ ತಾನೇ ಬಂತು. “ಮಾಮಾ, ಸವೀತದ.”

ಮಾಮಾ ಮಂಚದ ಕೆಳಗಿನ ತೆರೆದ ಪೆಟ್ಟಿಗೆಯ ಕಡೆ ನೋಡಿದ. ಹೊಸ ರೆಕಾರ್ಡುಗಳು ಒಂದಕ್ಕೊಂದು ಆನಿಕೊಂಡು ನಿಂತಿದ್ದವು.

“ಸವೀಲಿ ಬಿಡವಾ,” ಅಂದ. “ಇನ್ನ ಭಾಳ ಇದ್ದಾಳ.”